ಎರಡು ಸಾವಿರದ ಮುನ್ನೂರು ತಿದ್ದುಪಡಿಗಳು

ಮಲಪ್ರಭೆಯ ದಂಡೆಗೆ ಒಂದು ಆಶ್ರಮ. ಹಂಚಿನ ಎರಡು ಸಾಲು ಕೋಣೆ, ಒಂದು ಬೇವಿನ ಮರ, ಹದಿನಾಲ್ಕು ಮಕ್ಕಳು. ಮಕ್ಕಳಲ್ಲಿ ಯಾರಿಗೂ ಕಣ್ಣು ಕಾಣುವುದಿಲ್ಲ. ಅವರಿಗೆ ಕಂಪ್ಯೂಟರ್ ಕಲಿಸುವ ಅಡವಯ್ಯಜ್ಜನಿಗೂ ಕಾಣುವುದಿಲ್ಲ.

ಕಾಣದವರು ಕಂಪ್ಯೂಟರ್ ಹೇಗೆ ಕಲಿಸುತ್ತಾರಪ್ಪ ಎಂದು ಕೇಳುವವರು ಊರಲ್ಲಿ ಇನ್ನೂ ಇದ್ದಾರೆ. ಕಿವಿಯಿಂದ ಕಲಿಸುತ್ತಾರೆ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಒಂದಿದೆ, ಸ್ಕ್ರೀನ್ ರೀಡರ್ ಅಂತ. ಆಶ್ರಮದಲ್ಲಿ ಅದಕ್ಕೆ ಬರೀ ದನಿ ಎನ್ನುತ್ತಾರೆ. ಕೀಲಿ ಒತ್ತಿದರೆ ದನಿ ಹೇಳುತ್ತದೆ. ಅದನ್ನು ಕೇಳಿ ಮುಂದಿನ ಕೀಲಿ ಒತ್ತುವುದು.

ಅಜ್ಜನಿಗೆ ಎಪ್ಪತ್ತು ತುಂಬಿತ್ತು. ಇನ್ನು ಪಾಠ ಸಾಕು ಎಂದು ಹೇಳಿಯಾಗಿತ್ತು. ಅವರ ಜಾಗಕ್ಕೆ ಅವರ ಶಿಷ್ಯೆ ದಾನೇಶ್ವರಿ ಬರಬೇಕು ಎಂಬುದು ಮಕ್ಕಳ ಆಸೆ. ದಾನೇಶ್ವರಿಗೂ ಅದೇ ಆಸೆ, ಇಪ್ಪತ್ನಾಲ್ಕು ವರ್ಷದ ಜೀವದಲ್ಲಿ ಅದೊಂದೇ ಆಸೆ.

ಆಶ್ರಮ ನಡೆಸುವ ಕಮಿಟಿಯ ಅಧ್ಯಕ್ಷ ಸಿದ್ರಾಮಪ್ಪನವರಿಗೆ ಮಾತ್ರ ಅನುಮಾನ.

"ಅಜ್ಜಾರ ಮಾತು ಬ್ಯಾರೆ. ಈ ಹುಡುಗಿಗೂ ಕಣ್ಣಿಲ್ಲ. ನಾಳೆ ಯಂತ್ರ ಕೆಟ್ಟು ಕುಂತ್ರ ನೋಡೋರು ಯಾರು?" ಎಂದಿದ್ದರು ಅವರು. "ಶುಕ್ರವಾರ ಬರ್ತೀವಿ, ಪರೀಕ್ಷಾ ಮಾಡ್ತೀವಿ. ಆಗಲಿಲ್ಲಂದ್ರ ಕಣ್ಣಿದ್ದೋರನ್ನ ಒಬ್ಬರನ್ನ ತರ್ತೀವಿ."

ದೇವರಿಗೂ ಆಗಾಗ ತಮಾಷೆ ಮಾಡುವ ಚಟ. ಆ ವಾರವೇ ದಾನೇಶ್ವರಿಯ ಯಂತ್ರ ಕೈಕೊಟ್ಟಿತು.

ಸತ್ತುಹೋಗಿದ್ದರೆ ಬೇರೆ ಮಾತು. ಅದು ನಿಧಾನವಾಯಿತು. ತಿಂಗಳುಗಟ್ಟಲೆ ಚೂರುಚೂರೇ ನಿಧಾನವಾಗುತ್ತ ಬಂದದ್ದು ಈಗ ಮಿತಿಮೀರಿತು. ಕೀಲಿ ಒತ್ತಿದರೆ ದನಿ ಬಾಯಿಬಿಡುವಷ್ಟರಲ್ಲಿ ಚಹಾದ ಲೋಟ ಎತ್ತಿ, ಒಂದು ಗುಟುಕು ಕುಡಿದು, ಕೆಳಗಿಡಬಹುದಿತ್ತು.

ಮಂಗಳವಾರ ಬೆಳಿಗ್ಗೆ ಅಜ್ಜ ಕೋಣೆಗೆ ಬಂದಾಗ ಟಕಟಕ ಟಕಟಕ ಎಂದು ಕೀಲಿಯ ಸದ್ದು ಕೇಳಿಸಿತು.

"ಏನಾತು, ದಾನವ್ವಾ?"

"ಯಂತ್ರ ಸತ್ತೈತ್ರಿ ಅಜ್ಜಾರ. ಫೈಲ್ ತೆಗಿ ಅಂತ ಎಂಟ್ಹತ್ತು ಸಲ ಒತ್ತೀನಿ, ಪಿಟ್ಟಂತನೂ ಅನ್ನವಲ್ದು."

ಅವಳ ಮಾತು ಮುಗಿಯುವಷ್ಟರಲ್ಲಿ ಯಂತ್ರಕ್ಕೆ ಎಚ್ಚರವಾಯಿತು. ಒಂದು ಫೈಲ್ ತೆರೆಯಿತು. ಇನ್ನೊಂದು ತೆರೆಯಿತು. ಹೀಗೆ ಹತ್ತು ತೆರೆದವು. ದನಿ ಒಂದರ ಹೆಸರು ಹೇಳುವ ಮೊದಲೇ ಇನ್ನೊಂದು ಮೇಲೆ ಬಿದ್ದು, ಎಲ್ಲ ಕಲಸುಮೇಲೋಗರವಾಯಿತು.

"ನಾ ನಿನ್ನ ಹತ್ತು ಸಲ ಕರದ್ರ ನೀ ಎಷ್ಟು ಸಲ ಬರ್ತಿ?" ಎಂದು ಅಜ್ಜ ಕೇಳಿದರು.

"ಒಂದ ಸಲರಿ."

"ಅದು ಹತ್ತೂ ಸಲ ಬರತೈತಿ."

ಅಜ್ಜ ಅವಳ ಎರಡೂ ಕೈ ಹಿಡಿದು ಕೀಲಿಮಣೆಯಿಂದ ಎತ್ತಿದರು. ಅವಳ ಉಡಿಯಲ್ಲಿ ಇಟ್ಟರು.

"ಒಮ್ಮೆ ಒತ್ತು. ಕೈ ಇಲ್ಲಿಡು. ಎಣಸು."

ದಾನೇಶ್ವರಿ ಒಮ್ಮೆ ಒತ್ತಿದಳು. ಕೈ ಉಡಿಯಲ್ಲಿಟ್ಟಳು. ಒಂಬತ್ತು ಎಣಿಸುವಷ್ಟರಲ್ಲಿ ದನಿ ಬಂತು.

"ಒಂಬತ್ತು ಅಂದ್ರ ಏನ್ರಿ ಅಜ್ಜಾರ?"

"ನಿನ್ನೀತನಕ ನಿನ್ನ ಹತ್ರ ಬರೇ ಸಿಟ್ಟಿತ್ತು. ಈಗ ಒಂಬತ್ತು ಐತಿ" ಎಂದು ಅಜ್ಜ ಹೊರಗೆ ನಡೆದರು.

ಆಶ್ರಮದ ಆಫೀಸಿನ ಗುಮಾಸ್ತ ಗುರಪಾದಪ್ಪ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಎರಡು ಕಣ್ಣಿದ್ದವು, ಅದರ ಜೊತೆಗೆ ಸಲಹೆಗಳೂ ಬೇಕಾದಷ್ಟಿದ್ದವು.

"ಎಲ್ಲಾ ಅಳಿಸಿ ಹೊಸದಾಗಿ ಹಾಕಿಸಿಬಿಡ್ರಿ ತಂಗಿ. ಪೇಟಿಯೊಳಗ ಅರ್ಧಾ ದಿನದಾಗ ಮಾಡಿ ಕೊಡ್ತಾರ."

"ಬ್ಯಾಡ್ರಿ ಅಣ್ಣಾರ! ನನ್ನ ದನಿಗೆ ಮೂರು ವರ್ಷ ಕಲಿಸೇನಿ. ಎಲ್ಲಾ ಹೋಗಿಬಿಡತೈತಿ" ಎಂದು ದಾನೇಶ್ವರಿ ಯಂತ್ರಕ್ಕೆ ಅಡ್ಡ ಕೈ ಇಟ್ಟಳು.

ಬುಧವಾರ ಅವಳು ತನಗೆ ತಿಳಿದದ್ದನ್ನೆಲ್ಲ ಒಂದೇ ಏಟಿಗೆ ಮಾಡಿ ಮುಗಿಸಿದಳು. ಹಳೆಯ ಹಾಡುಗಳನ್ನು ಅಳಿಸಿದಳು. ಬೇಡದ ತಂತ್ರಾಂಶಗಳನ್ನು ಕಿತ್ತಳು. ಆರು ಸಲ ಆರಿಸಿ ಹಚ್ಚಿದಳು. ಒಂಬತ್ತು ಮಾತ್ರ ಒಂಬತ್ತಾಗಿಯೇ ಉಳಿಯಿತು.

ಕೊನೆಗೆ ಯಂತ್ರದೊಳಗೆ ಈಗ ಯಾರ್ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಎಷ್ಟು ಶಕ್ತಿ ತಿನ್ನುತ್ತಿದ್ದಾರೆ ಎಂದು ತೋರಿಸುವ ಪಟ್ಟಿಯನ್ನು ತೆರೆದಳು. ಒಂದೊಂದೇ ಸಾಲು ಇಳಿಯುತ್ತ ದನಿಯಿಂದ ಓದಿಸಿದಳು. ಓದಿಸಿ ಮುಗಿಸುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು.

"ಕಳ್ಳ ಸಿಕ್ಕನೇನು?" ಎಂದರು ಅಜ್ಜ, ರೊಟ್ಟಿ ಮುರಿಯುತ್ತ.

"ಇಲ್ಲರಿ ಅಜ್ಜಾರ. ಪಟ್ಟಿಯೊಳಗ ನಲವತ್ತು ಮಂದಿ ಅದಾರ. ಎಲ್ಲಾರೂ ಸಂಭಾವಿತರ. ಯಾರೂ ಹೆಚ್ಚಿಗಿ ತಿನ್ನವಲ್ರು."

"ಪಟ್ಟಿ ಓದಿದವರು ಯಾರು?"

"ದನಿರಿ."

"ದನಿ ಹೆಸರು ಪಟ್ಟಿಯೊಳಗ ಇತ್ತೋ ಇಲ್ಲೋ?"

ದಾನೇಶ್ವರಿಯ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಇತ್ತು. ಎಲ್ಲಕ್ಕಿಂತ ಮೇಲೆ, ಮೊದಲನೇ ಸಾಲಿನಲ್ಲೇ ಇತ್ತು. ಅದರ ಮುಂದಿನ ಅಂಕಿ ಕೇಳುವ ಮೊದಲೇ ಅವಳು ಕೆಳಗಿನ ಸಾಲಿಗೆ ಇಳಿದಿದ್ದಳು. ಮನೆಯ ಮಂದಿಯನ್ನು ಯಾರಾದರೂ ತಪಾಸು ಮಾಡುತ್ತಾರೆಯೇ?

"ಅದು ನನ್ನ ಕಣ್ಣರಿ, ಅಜ್ಜಾರ" ಎಂದಳು ಮೆಲ್ಲಗೆ.

"ಕಣ್ಣಿನ್ಯಾಗ ಕಸಾ ಬೀಳೂದಿಲ್ಲೇನು?"

ಆಮೇಲೆ ಅಜ್ಜ ಪಲ್ಯ ಚೆನ್ನಾಗಿದೆ ಎಂದಷ್ಟೇ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ದನಿಯ ಮೇಲೆ ಅನುಮಾನ ಬಂದರೆ ಅದನ್ನು ಪರೀಕ್ಷಿಸುವುದು ಹೇಗೆ? ದನಿಯನ್ನು ಕೇಳಿದರೆ ದನಿಯೇ ಉತ್ತರ ಕೊಡುತ್ತದೆ. ಊಟವಾದ ಮೇಲೆ ದಾನೇಶ್ವರಿ ಅಜ್ಜನ ಹಿಂದೆ ಹಿಂದೆಯೇ ಬಂದಳು.

"ಅಜ್ಜಾರ, ಸರಿಯಾಗಿ ಹೇಳ್ರಿ. ನಾ ಏನ್ ಮಾಡ್ಲಿ?"

"ಅದರ ಬಾಯಿ ಮುಚ್ಚಿಸು."

"ಆಮ್ಯಾಲೆ ನಂಗೇನು ಕೇಳತೈತ್ರಿ?"

"ಅದನ್ನ ನೀ ನಂಗ ಬಂದು ಹೇಳು."

ದನಿಯನ್ನು ಆರಿಸುವುದೆಂದರೆ ಅವಳಿಗೆ ಕೈಯಲ್ಲಿದ್ದ ಬಡಿಗೆಯನ್ನು ಹೊಳೆಗೆ ಎಸೆದಂತೆ. ಮೂರು ವರ್ಷದಲ್ಲಿ ಒಂದು ದಿನವೂ ದನಿಯಿಲ್ಲದೆ ಯಂತ್ರದ ಮುಂದೆ ಕುಳಿತವಳಲ್ಲ. ಭಯವಾಯಿತು. ಭಯವಾದಾಗ ಅವಳಿಗೆ ಯೋಚನೆ ಚುರುಕಾಗುತ್ತಿತ್ತು, ಅದೊಂದು ಪುಣ್ಯ.

ಯಂತ್ರದಲ್ಲಿ ಅಜ್ಜನ ಹಳೆಯ ಪಾಠವೊಂದರ ಧ್ವನಿಮುದ್ರಣವಿತ್ತು. ಅಜ್ಜನ ಕೆಮ್ಮಿನಿಂದಲೇ ಅದು ಶುರುವಾಗುತ್ತಿತ್ತು. ದಾನೇಶ್ವರಿ ಆ ಫೈಲಿನ ಮೇಲೆ ನಿಂತು ಒಮ್ಮೆ ಒತ್ತಿದಳು. ಕೈ ಉಡಿಗೆ ಬಂತು. ಒಂಬತ್ತು ಎಣಿಸಿದಾಗ ಕೆಮ್ಮು ಕೇಳಿಸಿತು.

ಪಾಠ ನಿಲ್ಲಿಸಿ ಮತ್ತೆ ಅದೇ ಫೈಲಿನ ಮೇಲೆ ಬಂದು ನಿಂತಳು. ಈ ಸಲ ದನಿಯನ್ನು ಆರಿಸಿದಳು.

ಕೋಣೆಯೆಲ್ಲ ಗಪ್ಪಾಯಿತು. ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಒಮ್ಮೆ ಒತ್ತಿದಳು.

ಒಂದು ಎನ್ನುವಷ್ಟರಲ್ಲಿ ಅಜ್ಜ ಕೆಮ್ಮಿದರು.

ದಾನೇಶ್ವರಿ ಕುರ್ಚಿಯಿಂದ ಎದ್ದೇಬಿಟ್ಟಳು. ಯಂತ್ರ ಗಟ್ಟಿಮುಟ್ಟಾಗಿತ್ತು! ಕೀಲಿ ಒತ್ತಿದ್ದು ಮೊದಲು ದನಿಯ ಕಿವಿಗೆ ಬಿದ್ದು, ಅಲ್ಲಿಂದ ಯಂತ್ರಕ್ಕೆ ಹೋಗುತ್ತದೆ. ನಡುವೆ ಕುಳಿತ ದನಿಯೇ ಎಲ್ಲವನ್ನೂ ತಡೆದು ಹಿಡಿದಿತ್ತು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ದನಿಯನ್ನು ಹೊಸದಾಗಿ ತಂದಾಗ ಹೇಗಿತ್ತೋ ಹಾಗೆ, ತನ್ನ ಯಾವ ಏರ್ಪಾಡೂ ಇಲ್ಲದಂತೆ ಮತ್ತೆ ಹಚ್ಚಿದಳು. ಒಂದು ಎಣಿಕೆಗೆ ಮಾತಾಡಿತು. ತನ್ನ ಏರ್ಪಾಡುಗಳನ್ನು ಒಂದೊಂದಾಗಿ ಹಿಂದಕ್ಕೆ ತಂದಳು. ಒಂದು ಸೇರಿಸುವುದು, ಒಮ್ಮೆ ಒತ್ತುವುದು, ಎಣಿಸುವುದು. ಓದುವ ವೇಗ ತಂದಳು, ಒಂದು. ಬೇಕಾದ ಕಂಠ ತಂದಳು, ಒಂದು. ಉಚ್ಚಾರದ ಪಟ್ಟಿ ತಂದಳು.

ಒಂಬತ್ತು.



ಆ ಪಟ್ಟಿಯ ಕಥೆ ಇಷ್ಟು. ದಾನೇಶ್ವರಿಗೆ ತಪ್ಪು ಕೇಳಿದರೆ ಮೈ ಉರಿಯುತ್ತಿತ್ತು. ಮೂರು ವರ್ಷದ ಹಿಂದೆ ದನಿ ಮೊಟ್ಟಮೊದಲು ಅವಳ ಹೆಸರನ್ನು ಓದಿದಾಗ 'ಡ್ಯಾನೆಸ್ವ್ಯಾರಿ' ಎಂದಿತ್ತು. ಅವತ್ತೇ ಪಟ್ಟಿ ತೆರೆದು, ಹಾಗಲ್ಲ ಹೀಗೆ ಹೇಳು ಎಂದು ತಿದ್ದಿದಳು. ಆಮೇಲೆ ಗೆಳತಿಯರ ಹೆಸರು ತಿದ್ದಿದಳು. ಊರುಗಳ ಹೆಸರು, ದೇವರ ಹೆಸರು, ತಿಂಡಿಯ ಹೆಸರು, ಕಿವಿಗೆ ಚುಚ್ಚಿದ ಯಾವ ಮಾತನ್ನೂ ಬಿಡಲಿಲ್ಲ. ಎರಡು ಸಾವಿರದ ಮುನ್ನೂರು ತಿದ್ದುಪಡಿಗಳಾಗಿದ್ದವು. ಪಾಪದ ದನಿ ಒಂದು ಸಾಲು ಓದಬೇಕಾದರೂ ಮೊದಲು ಆ ಎರಡು ಸಾವಿರದ ಮುನ್ನೂರರ ಮುಂದೆಯೂ ನಿಂತು, ಇದು ಸರಿಯಾ, ಇದು ಸರಿಯಾ ಎಂದು ಕೇಳಿಕೊಂಡು ಬರಬೇಕಿತ್ತು.

ಗುರುವಾರ ಬೆಳಿಗ್ಗೆ ಅವಳು ಅಜ್ಜನ ಮುಂದೆ ಕುಳಿತಾಗ ಗೆದ್ದ ಮುಖವಿರಲಿಲ್ಲ.

"ಕಳ್ಳ ಸಿಕ್ಕನ್ರಿ, ಅಜ್ಜಾರ. ನಾನ ಕಳ್ಳಿ."

"ಅಳಿಸಿದ್ಯಾ?"

"ಮನಸ್ಸು ಬರವಲ್ದ್ರಿ. ಮೂರು ವರ್ಷದ ದುಡಿಮಿ. ತಪ್ಪು ಉಚ್ಚಾರ ಕೇಳಿ ಕೇಳಿ ಬಾಳೇ ಮಾಡಾಕ ಆಗತೈತೇನ್ರಿ? ಒಂದೊಂದು ಮಾತು ಹೆಂಗ ತಿದ್ದೇನಿ ಅಂತ ನೀವರ ಕೇಳ್ರಿ."

"ಹೇಳು."

"ಮೊದಲ ನಾ—"

"ಮೊದಲು" ಎಂದು ಅಜ್ಜ ತಿದ್ದಿದರು.

"ಮೊದಲು ನಾ—"

"ನಾನು."

"ಮೊದಲು ನಾನು ನನ್ನ ಹೆಸರ—"

"ಹೆಸರನ್ನು."

"ಹೆಸರನ್ನು ಸರಿ ಮಾಡಾಕ—"

"ಮಾಡುವುದಕ್ಕೆ."

"ಅಜ್ಜಾರ!" ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು. "ನೀವು ನನ್ನ ಮಾತು ಕೇಳಾಕತ್ತೀರೋ, ತಿದ್ದಾಕತ್ತೀರೋ?"



ತಾನು ಈಗ ಕೇಳಿದ ಪ್ರಶ್ನೆ ಅವಳ ಕಿವಿಗೇ ಬಿದ್ದಿತ್ತು. ಮುಖ ಬಿಸಿಯಾಯಿತು. ಎದ್ದು ಅಜ್ಜನ ಪಾದ ಮುಟ್ಟಿ, ಕಂಪ್ಯೂಟರ್ ಕೋಣೆಗೆ ಹೋದಳು.

ಒಟ್ಟಿಗೆ ಅಳಿಸಬಹುದಿತ್ತು. ಅವಳು ಕೊನೆಯಿಂದ ಶುರುಮಾಡಿ ನೂರು ನೂರರ ಗುಂಪು ಮಾಡಿ ಅಳಿಸುತ್ತ ಬಂದಳು. ಪ್ರತಿ ಗುಂಪು ಹೋದಾಗಲೂ ದನಿ ಒಂದಿಷ್ಟು ಹಗುರಾಗುವುದು ಕಿವಿಗೆ ತಿಳಿಯುತ್ತಿತ್ತು. ಎಂಟು. ಆರು. ನಾಲ್ಕು. ಎರಡು. ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೆ ದುಃಖ ಕಳೆದು ಖುಷಿ ಹತ್ತಿತ್ತು, ಇನ್ನಷ್ಟು ಅಳಿಸುವ ಹುರುಪು ಬಂದಿತ್ತು.

ಕೊನೆಗೆ ಒಂದೇ ಉಳಿಯಿತು, ಅವಳ ಹೆಸರಿನದು. ಒಂದು ಇದ್ದರೆ ಯಂತ್ರಕ್ಕೇನೂ ಭಾರವಾಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಸ್ವಲ್ಪ ಹೊತ್ತು ಕೈ ಉಡಿಯಲ್ಲೇ ಇಟ್ಟುಕೊಂಡು ಕುಳಿತಳು. ಆಮೇಲೆ ಅದನ್ನೂ ಅಳಿಸಿದಳು.

"ಡ್ಯಾನೆಸ್ವ್ಯಾರಿ" ಎಂದಿತು ದನಿ, ಕೀಲಿ ಮುಟ್ಟಿದ ತಕ್ಷಣ.

"ಹೂಂ, ನಾನ" ಎಂದಳು ಅವಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಶುಕ್ರವಾರ ಹನ್ನೊಂದಕ್ಕೆ ಕಮಿಟಿ ಬಂತು. ಐದು ಜನ, ಐದು ಕುರ್ಚಿ. ಕಿಟಕಿಯ ಆಚೆ ಹದಿನಾಲ್ಕು ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಅಜ್ಜ ಬಂದಿರಲಿಲ್ಲ, ಹೊಳೆಗೆ ಹೋಗಿದ್ದಾರೆಂದು ಯಾರೋ ಹೇಳಿದರು.

ದಾನೇಶ್ವರಿ ತನ್ನ ಯಂತ್ರದ ಮುಂದೆ ಕುಳಿತಳು. ಸಿದ್ರಾಮಪ್ಪನವರು ಕೈ ಎತ್ತಿದರಂತೆ.

"ನಿನ್ನ ಯಂತ್ರ ಬ್ಯಾಡವ್ವಾ. ಅದು ನಿಂಗ ರೂಢಿ ಐತಿ. ಆಫೀಸಿನ ಯಂತ್ರ ನೋಡು. ಆರು ತಿಂಗಳಾತು, ಮುದಿ ಎತ್ತಾಗೈತಿ. ಅದನ್ನ ನೀ ಎಬ್ಬಿಸಿದಿ ಅಂದ್ರ ಮುಂದಿನ ಮಾತು."

"ಬೆಳಿಗ್ಗೆ ಸ್ವಿಚ್ ಹಾಕಿ, ಪೂಜಿ ಮುಗಿಸಿ, ನಾಷ್ಟಾ ಮಾಡಿ ಬಂದ್ರ ಆಗ ತೆರದಿರತೈತ್ರಿ" ಎಂದು ಗುರಪಾದಪ್ಪ ಸಾಕ್ಷಿ ಹೇಳಿದ. ಎಲ್ಲರೂ ಆಫೀಸಿಗೆ ನಡೆದರು, ಮಕ್ಕಳೂ ಅಲ್ಲಿಯ ಕಿಟಕಿಗೆ ಬಂದು ನಿಂತರು.

ಆಫೀಸಿನ ಯಂತ್ರದಲ್ಲಿ ಅವಳ ದನಿ ಎಲ್ಲಿಂದ ಬರಬೇಕು? ಯಂತ್ರದ ಜೊತೆಗೇ ಬರುವ ಇನ್ನೊಂದು ದನಿಯಿತ್ತು, ಮೂರು ಕೀಲಿ ಒಟ್ಟಿಗೆ ಒತ್ತಿದರೆ ಎಚ್ಚರವಾಗುವಂಥದ್ದು. ಅದಕ್ಕೆ ಬರುವುದು ಇಂಗ್ಲಿಷ್ ಒಂದೇ. ಕನ್ನಡದ ಹೆಸರು ಕಂಡರೆ ಅಗಿದು ಉಗುಳುತ್ತಿತ್ತು. ಒಂದು ವಾರದ ಹಿಂದಾಗಿದ್ದರೆ ದಾನೇಶ್ವರಿ ಮೊದಲು ಅದರ ಉಚ್ಚಾರ ತಿದ್ದಲು ಕೂರುತ್ತಿದ್ದಳೇನೋ. ಇವತ್ತು ಅದು ಹೇಗೆ ಹೇಳಿದರೂ ಅವಳಿಗೆ ಏನು ಹೇಳುತ್ತಿದೆ ಎಂಬುದಷ್ಟೇ ಬೇಕಿತ್ತು.

ಮೂರು ಕೀಲಿ ಒತ್ತಿದಳು. ಕೈ ಉಡಿಯಲ್ಲಿಟ್ಟಳು.

"ಏನೂ ಮಾಡವಲ್ಲಳಲ್ಲ?" ಎಂದು ಕಮಿಟಿಯಲ್ಲಿ ಯಾರೋ ಪಿಸುಗುಟ್ಟಿದರು.

"ಎಣಸಾಕತ್ತೇನ್ರಿ" ಎಂದಳು ದಾನೇಶ್ವರಿ.

ಮೂವತ್ತೊಂದಕ್ಕೆ ಪರದೇಶದ ದನಿ ಎದ್ದಿತು. ಏಳುತ್ತಲೇ ಯಾವುದೋ ಸೂಚನೆಯನ್ನು ಓದಲು ಶುರುಮಾಡಿತು. ಗುರಪಾದಪ್ಪ ಮೌಸ್ ಹಿಡಿಯಲು ಮುಂದೆ ಬಂದ.

"ಅದು ದಿನಾ ಬರೂ ಡಬ್ಬಿ ತಂಗಿ. ಮುಚ್ಚಿಬಿಡ್ತೇನಿ ತಡಿ."

"ಮುಚ್ಚಬ್ಯಾಡ್ರಿ ಅಣ್ಣಾರ. ಪೂರ್ತಿ ಕೇಳೂಣು."

ದನಿ ಪೂರ್ತಿ ಓದಿತು. ದಾನೇಶ್ವರಿ ಅದನ್ನು ಕಮಿಟಿಗೆ ಕನ್ನಡದಲ್ಲಿ ಹೇಳಿದಳು: "ಡಿಸ್ಕ್ ಪೂರಾ ತುಂಬೈತಿ, ನಂಗ ಕಾಲಿಡಾಕೂ ಜಾಗಾ ಇಲ್ಲ, ಏನರ ತೆಗೀರಿ ಅಂತ ಬೇಡ್ಕೊಳ್ಳಾಕತ್ತೈತ್ರಿ. ಇದು ಎಷ್ಟು ದಿನದಿಂದ ಬರತೈತಿ?"

ಗುರಪಾದಪ್ಪ ಗಂಟಲು ಸರಿಮಾಡಿಕೊಂಡ. "ಆರು ತಿಂಗಳಾತ್ರಿ."

ಏನು ತುಂಬಿದೆ ಎಂದು ಅವಳು ಒಂದೊಂದೇ ಜಾಗಕ್ಕೆ ಹೋಗಿ ಕೇಳಿದಳು. ಒತ್ತುವುದು, ಕಾಯುವುದು, ಕೇಳುವುದು. ಕಡೆಗೆ ಕಸದ ಬುಟ್ಟಿಗೆ ಬಂದಳು. ಅಳಿಸಿದ ಫೈಲುಗಳೆಲ್ಲ ಹೋಗಿ ಬೀಳುವ ಜಾಗ ಅದು. ಅದನ್ನೂ ಆಗಾಗ ಖಾಲಿ ಮಾಡಬೇಕು. ಬುಟ್ಟಿಯಲ್ಲಿ ಹನ್ನೊಂದು ಸಾವಿರ ಫೈಲುಗಳಿದ್ದವು. ಕಾರ್ಯಕ್ರಮಗಳ ವಿಡಿಯೊ, ಅವೇ ವಿಡಿಯೊಗಳ ನಕಲು, ನಕಲಿನ ನಕಲು.

"ಇದರಾಗ ಬೇಕಾದ್ದು ಏನರ ಐತೇನ್ರಿ ಅಣ್ಣಾರ? ಖಾಲಿ ಮಾಡ್ಲ್ಯಾ?"

"ತಡೀರಿ, ತಡೀರಿ!" ಗುರಪಾದಪ್ಪ ಕೂಗಿಕೊಂಡ. "ಹೋದ ವರ್ಷದ ವರದಿ ಅದರಾಗ ಇಟ್ಟೇನಿ. ಕೈಗೆ ಹತ್ರ ಇರಲಿ ಅಂತ."

ಬುಟ್ಟಿಯಲ್ಲಿ ಫೈಲ್ ಇಡುತ್ತಾರೆಯೇ ಎಂದು ಕಮಿಟಿಯವರು ಅವನ ಕಡೆ ತಿರುಗಿದರು. ಕುರ್ಚಿಗಳು ಕಿರ್ರೆಂದವು. ಪರದೇಶದ ದನಿ ಅಷ್ಟರಲ್ಲಿ ಬುಟ್ಟಿಯೊಳಗಿನ ಹೆಸರುಗಳನ್ನು ಓದುತ್ತಿತ್ತು. 'ಬ್ಯಾಸೇವಾ ಜೇಯಾಂಟಿ' ಎಂದಾಗ ಬಸವ ಜಯಂತಿಯ ವಿಡಿಯೊ ಎಂದು ಮುಂದೆ ದಾಟಿದಳು. 'ವೆರೇಡಿ' ಎಂದ ಕೂಡಲೇ ನಿಂತಳು.

"ನಿಮ್ಮ ವರದಿ ಇಲ್ಲೈತ್ರಿ. ಹೊರಗ ತೆಗದೇನಿ. ಉಳದದ್ದು?"

"ಉಳದದ್ದು ತೆಗದು ಒಗೀರಿ."

ಎಸೆದಳು. ಜಾಗವಾಯಿತೋ ಇಲ್ಲವೋ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದಳು. ಕೈ ಉಡಿಗೆ ಬಂತು.

"ಒಂದು" ಎಂದಳು ಗಟ್ಟಿಯಾಗಿ.

"ಎರಡು" ಎಂದಿತು ಕಿಟಕಿಯ ಆಚೆ ಒಂದು ಕಂಠ.

"ಮೂರು" ಎಂದವು ನಾಲ್ಕೈದು ಕಂಠ. ಹತ್ತಕ್ಕೆ ಬರುವಷ್ಟರಲ್ಲಿ ಹದಿನಾಲ್ಕೂ ಮಕ್ಕಳು ಒಂದೇ ಸಮನೆ ಎಣಿಸುತ್ತಿದ್ದರು. ಹದಿನೈದಕ್ಕೆ ಕಮಿಟಿಯವರ ತುಟಿಗಳೂ ಆಡತೊಡಗಿದವು. ಇಪ್ಪತ್ತೆರಡಕ್ಕೆ ಯಂತ್ರ ತೆರೆದುಕೊಂಡಿತು. ಪರದೇಶದ ದನಿ ಯಾವುದೋ ಒಂದು ಕನ್ನಡದ ಹೆಸರನ್ನು ಚಿಂದಿ ಮಾಡಿ ಕೂಗಿತು. ಅದು ಕೇಳಿ ಮಕ್ಕಳು ಹೋ ಎಂದು ಕಿರುಚಿದರು. ದಾನೇಶ್ವರಿಗೆ ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ.



"ಆ ಡಬ್ಬೀನ ನಾನೂ ಎಷ್ಟೋ ಸಲ ನೋಡೇನಿ" ಎಂದರು ಸಿದ್ರಾಮಪ್ಪನವರು ಕೊನೆಗೆ. "ಒಂದ ಸಲಾನೂ ಓದಿಲ್ಲ." ಆಮೇಲೆ ಕುರ್ಚಿಯಿಂದ ಎದ್ದರು. "ಗುರಪಾದಪ್ಪ, ಸೋಮವಾರದಿಂದ ಕಂಪ್ಯೂಟರ್ ಪಾಠಕ್ಕ ಇವರ ಅಕ್ಕಾರು. ಇನ್ನ ಮ್ಯಾಲ ತಂಗಿ ಪಿಂಗಿ ಅನ್ನೂದಿಲ್ಲ, ಅಕ್ಕಾರ ಅನ್ನಬೇಕು. ತಿಳೀತಿಲ್ಲೋ?"

ಆ ಕಡೆಯ ಶಾಲೆಗಳಲ್ಲಿ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ.

ದಾನೇಶ್ವರಿ ಬಡಿಗೆ ಬಡಿಯುತ್ತ ಹೊಳೆಯ ಮೆಟ್ಟಿಲಿಗೆ ಓಡಿದಳು. ಓಡಬಾರದು ಎಂದು ಅಜ್ಜ ಎಷ್ಟು ಸಲ ಹೇಳಿದ್ದರೋ, ಅಷ್ಟನ್ನೂ ಮರೆತು ಓಡಿದಳು.

"ಅಜ್ಜಾರ, ಗೆದ್ದೇನ್ರಿ!"

"ಕೇಳಿಸ್ತು. ಹುಡುಗರು ಎಣಿಸಿದ್ದು ಆಚೀ ದಂಡಿತನಕ ಹೋತು."

ಅವಳು ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಜ್ಜ ನಡುವೆ ಬಾಯಿ ಹಾಕಲಿಲ್ಲ. ಒಂದು ಮಾತೂ ತಿದ್ದಲಿಲ್ಲ. ಹೇಳಿ ಮುಗಿದ ಮೇಲೆ ಅವಳು, ಎರಡು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು.

"ಅಜ್ಜಾರ, ನನ್ನ ತಿದ್ದುಪಡಿ ಪಟ್ಟೀನ ದನಿಯನ್ನ ನಿಧಾನ ಮಾಡೈತಿ ಅಂತ ನಿಮಗ ಮೊದಲ ಗೊತ್ತಿತ್ತಿಲ್ಲೋ?"

ಅಜ್ಜ ಮೊಣಕಾಲಿಗೆ ಕೈಯೂರಿ ಎದ್ದರು. ಧೋತರದ ಮಣ್ಣು ಕೊಡವಿದರು. ಕೈ ಚಾಚಿ ಅವಳ ಹೆಗಲು ಹುಡುಕಿ ಹಿಡಿದರು.

"ನಂಗೆಲ್ಲಿ ಗೊತ್ತಿತ್ರಿ? ನನ್ನ ಯಂತ್ರಾನೂ ಎರಡು ವರ್ಷದಿಂದ ನಿಧಾನ ಐತಿ. ಒಂದೀಟು ಬಂದು ನೋಡ್ರಿ, ಅಕ್ಕಾರ."